ಒಟ್ಟಾಗಿ ಸುದ್ದಿ ಫೀಡ್ ಓದುವ ತಂತ್ರಾಂಶದ ಸುಧಾರಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ತಂಡವೋ ಗೆಳೆಯರ ಬಳಗವೋ ಒಂದೇ ಫೀಡ್ ಪಟ್ಟಿಯನ್ನು ಇಟ್ಟುಕೊಂಡು ಸುದ್ದಿ ಓದುವ, ಆಯ್ದದ್ದನ್ನು ಪರಸ್ಪರ ತೋರಿಸುವ ತಂತ್ರಾಂಶವನ್ನು ನೋಡಿಕೊಳ್ಳುವವರಿಗಾಗಿ ಈ ಪ್ರಶ್ನೋತ್ತರಗಳನ್ನು ಬರೆಯಲಾಗಿದೆ. ಮುಂದಿನ ಆವೃತ್ತಿಯಲ್ಲಿ ಏನು ಸೇರಬೇಕು, ಏನು ಸರಿಹೋಗಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎಂಬ ಚರ್ಚೆಯಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳು ಇವು.

ಒಬ್ಬರೇ ಬಳಸುವ ಫೀಡ್ ರೀಡರ್‌ಗೂ ಬಳಗದ ರೀಡರ್‌ಗೂ ಇರುವ ವ್ಯತ್ಯಾಸವೇನು?

ಜಾಲತಾಣವೊಂದು ತನ್ನ ಹೊಸ ಬರಹಗಳ ಶೀರ್ಷಿಕೆ, ಕೊಂಡಿ, ದಿನಾಂಕ ಮತ್ತು ಸಾರವನ್ನು ಯಂತ್ರಗಳು ಓದಬಲ್ಲ ರೂಪದಲ್ಲಿ ಒದಗಿಸುವ ಕಡತವೇ ಫೀಡ್. 1999ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಹುಟ್ಟಿದ ಆರ್‌ಎಸ್‌ಎಸ್ ಎಂಬ ಫೀಡ್ ಮಾದರಿ, 2002ರಲ್ಲಿ ಇಂದಿಗೂ ಚಾಲ್ತಿಯಲ್ಲಿರುವ 2.0 ಆವೃತ್ತಿಯನ್ನು ತಲುಪಿತು. ಆಟಮ್ ಎಂಬ ಮತ್ತೊಂದು ಮಾದರಿ 2005ರ ಡಿಸೆಂಬರ್‌ನಲ್ಲಿ ಅಂತರಜಾಲದ ಮಾನದಂಡಗಳ ದಾಖಲೆಸರಣಿಯಲ್ಲಿ ಆರ್‌ಎಫ್‌ಸಿ 4287 ಆಗಿ ಪ್ರಕಟವಾಯಿತು. 2017ರಲ್ಲಿ ಜೆಸಾನ್ ಫೀಡ್ ಬಂದಿತು. ಯಾವ ಮಾದರಿಯಾದರೂ ರೀಡರ್ ಮಾಡುವ ಮೂಲ ಕೆಲಸ ಒಂದೇ: ಕಡತವನ್ನು ತರುವುದು, ಹೊಸದನ್ನು ಗುರುತಿಸುವುದು, ಓದಲು ಕೊಡುವುದು.

ಒಬ್ಬರೇ ಬಳಸುವಾಗ ಕತೆ ಇಲ್ಲಿಗೆ ಮುಗಿಯುತ್ತದೆ. ಬಳಗ ಬಳಸುವಾಗ ಪ್ರತಿ ಸುದ್ದಿಯ ಮೇಲೂ ಎರಡು ಪದರಗಳು ಕೂರುತ್ತವೆ. ನಾನು ಇದನ್ನು ಓದಿದೆನೇ, ನನಗಾಗಿ ಎತ್ತಿಟ್ಟುಕೊಂಡೆನೇ ಎಂಬುದು ವ್ಯಕ್ತಿಯ ಪದರ; ಇದನ್ನು ಯಾರು ಹಂಚಿದರು, ಏನೆಂದು ಟಿಪ್ಪಣಿ ಬರೆದರು, ಯಾವ ಗುರುತುಪಟ್ಟಿ ಅಂಟಿಸಿದರು ಎಂಬುದು ಬಳಗದ ಪದರ. ಹೊಸ ಸೌಲಭ್ಯದ ಪ್ರಸ್ತಾಪ ಬಂದಾಗಲೆಲ್ಲ ಅದು ಯಾವ ಪದರಕ್ಕೆ ಸೇರುತ್ತದೆ ಎಂದು ಮೊದಲು ಕೇಳಬೇಕು. ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದ ಸೌಲಭ್ಯವನ್ನು ಕಟ್ಟಲು ಹೊರಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಇಂಥ ತಂತ್ರಾಂಶದ ಬಗ್ಗೆ ಬರುವ ದೂರುಗಳನ್ನು ಕೆದಕಿ ನೋಡಿದರೆ ಎಷ್ಟೋ ಸಲ ತಳದಲ್ಲಿ ಸಿಗುವುದು ಈ ಎರಡು ಪದರಗಳ ಕಲಬೆರಕೆಯೇ.

ಹಾಗಾದರೆ ‘ಓದಿದ’ ಗುರುತು ಎಲ್ಲರಿಗೂ ಒಂದೇ ಆಗಿರಬೇಕೇ?

ಬೇಡ. ಕೆಲಸವನ್ನು ಹಂಚಿಕೊಂಡು ಓದುವ ತಂಡಗಳು ಇದನ್ನು ಆಗಾಗ ಕೇಳುತ್ತವೆ, ಮತ್ತು ಅವರ ಬೇಡಿಕೆಯ ಹಿಂದಿನ ಕಾರಣ ನ್ಯಾಯವಾದುದೇ: ಒಬ್ಬರು ನೋಡಿ ಮುಗಿಸಿದ್ದನ್ನು ಇನ್ನೊಬ್ಬರು ಮತ್ತೆ ನೋಡುವುದು ವ್ಯರ್ಥ. ಆದರೆ ಓದಿದ ಗುರುತನ್ನು ಸಾಮೂಹಿಕ ಮಾಡಿದರೆ, ಒಬ್ಬ ಸದಸ್ಯ ಆತುರದಲ್ಲಿ ಶೀರ್ಷಿಕೆಗಳ ಮೇಲೆ ಕಣ್ಣಾಡಿಸಿ ‘ಎಲ್ಲವನ್ನೂ ಓದಿದೆ’ ಎಂದು ಒತ್ತಿದ ಮರುಕ್ಷಣವೇ ಉಳಿದವರ ಪಟ್ಟಿಯಿಂದ ಆ ಸುದ್ದಿಗಳೆಲ್ಲ ಮರೆಯಾಗುತ್ತವೆ. ಏನು ಮರೆಯಾಯಿತು ಎಂಬುದು ಅವರಿಗೆ ಗೊತ್ತಾಗುವುದೂ ಇಲ್ಲ.

ಆ ತಂಡಗಳಿಗೆ ನಿಜವಾಗಿ ಬೇಕಾಗಿರುವುದು ಮೂರನೆಯದೊಂದು ಸ್ಥಿತಿ. ‘ಇದನ್ನು ನಾನು ನೋಡಿಕೊಳ್ಳುತ್ತೇನೆ’ ಎಂದು ಸದಸ್ಯರೊಬ್ಬರು ತಿಳಿದೇ ಹಾಕುವ ಗುರುತು, ಅದರ ಪಕ್ಕದಲ್ಲಿ ಅವರ ಹೆಸರು, ಮತ್ತು ಕೆಲಸ ಮುಗಿದಾಗ ‘ಗಮನಿಸಲಾಗಿದೆ’ ಎಂಬ ಬದಲಾವಣೆ. ಇದು ಬಳಗದ ಪದರದಲ್ಲಿ ಇರುತ್ತದೆ. ಓದಿದ ಗುರುತು ವ್ಯಕ್ತಿಯ ಪದರದಲ್ಲೇ ಉಳಿಯುತ್ತದೆ. ಬೇಕಾದವರು ‘ಬೇರೆಯವರು ಕೈಗೆತ್ತಿಕೊಂಡದ್ದನ್ನು ನನಗೆ ತೋರಿಸಬೇಡ’ ಎಂದು ಸೋಸುವ ಆಯ್ಕೆಯನ್ನು ಹಾಕಿಕೊಳ್ಳಬಹುದು.

‘ಎಲ್ಲವನ್ನೂ ಓದಿದೆ’ ಗುಂಡಿಯ ಬಗ್ಗೆ ಇಲ್ಲೇ ಒಂದು ಮಾತು ಹೇಳಬೇಕು. ಓದುಗರು ಪಟ್ಟಿಯನ್ನು ತೆರೆದದ್ದು ಹತ್ತು ಗಂಟೆಗೆ, ಗುಂಡಿ ಒತ್ತಿದ್ದು ಹತ್ತೂಕಾಲಿಗೆ ಎಂದುಕೊಳ್ಳೋಣ. ನಡುವಿನ ಕಾಲು ಗಂಟೆಯಲ್ಲಿ ಸರ್ವರ್ ಆರು ಹೊಸ ಸುದ್ದಿಗಳನ್ನು ತಂದಿದ್ದರೆ, ಪರದೆಯ ಮೇಲೆ ಒಮ್ಮೆಯೂ ಕಾಣಿಸದ ಆ ಆರೂ ‘ಓದಿದ್ದು’ ಎನಿಸಿಕೊಳ್ಳುತ್ತವೆ. ಪಟ್ಟಿ ತೋರಿಸುವಾಗ ಇದ್ದ ಕೊನೆಯ ಸುದ್ದಿಯ ಕ್ರಮಸಂಖ್ಯೆಯನ್ನು ಗುಂಡಿಯ ವಿನಂತಿಯೊಡನೆ ಕಳುಹಿಸಿ, ಅಲ್ಲಿಯವರೆಗಿನದನ್ನು ಮಾತ್ರ ಗುರುತು ಮಾಡಿದರೆ ಈ ತೊಂದರೆ ಇರುವುದಿಲ್ಲ. ಸಣ್ಣ ತಿದ್ದುಪಡಿಯಾದರೂ ಓದುಗರ ನಂಬಿಕೆಯ ದೃಷ್ಟಿಯಿಂದ ಇದು ಸುಧಾರಣೆಗಳ ಪಟ್ಟಿಯ ಮೇಲ್ಭಾಗದಲ್ಲಿ ಇರಬೇಕಾದ ಕೆಲಸ.

ಓದದ ಸುದ್ದಿಗಳ ಲೆಕ್ಕ ಇಡುವುದರಿಂದ ಡೇಟಾಬೇಸ್ ಮಿತಿಮೀರಿ ಬೆಳೆಯುವುದಿಲ್ಲವೇ?

ಲೆಕ್ಕವನ್ನು ಹೇಗೆ ಇಡುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಐವತ್ತು ಸದಸ್ಯರು, ಮುನ್ನೂರು ಫೀಡ್‌ಗಳು, ಪ್ರತಿ ಫೀಡ್‌ನಲ್ಲಿ ದಿನಕ್ಕೆ ಇಪ್ಪತ್ತು ಸುದ್ದಿಗಳು ಎಂದಿಟ್ಟುಕೊಂಡು, ಪ್ರತಿ ಸದಸ್ಯರಿಗೂ ಪ್ರತಿ ಸುದ್ದಿಗೂ ‘ಓದಿಲ್ಲ’ ಎಂಬ ಸಾಲೊಂದನ್ನು ಬರೆದರೆ ದಿನಕ್ಕೆ 3,00,000 ಸಾಲುಗಳಾಗುತ್ತವೆ. ಓದಿದ್ದನ್ನು ಮಾತ್ರ ಬರೆದು, ಸಾಲು ಇಲ್ಲದಿದ್ದರೆ ಓದಿಲ್ಲವೆಂದು ತಿಳಿದರೆ ಈ ಭಾರ ಬಹುಪಾಲು ಇಳಿಯುತ್ತದೆ. ಅದರೊಡನೆ ಪ್ರತಿ ಸದಸ್ಯರಿಗೂ ಪ್ರತಿ ಫೀಡ್‌ಗೂ ‘ಇಲ್ಲಿಯವರೆಗೆ ಓದಿದೆ’ ಎಂಬ ಗಡಿಯೊಂದನ್ನು ಇಟ್ಟು, ಅದಕ್ಕಿಂತ ಹಿಂದಿನ ಸಾಲುಗಳನ್ನು ಅಳಿಸುತ್ತ ಬಂದರೆ ಇನ್ನೂ ಒಳ್ಳೆಯದು.

ಒಂದೇ ಬರಹ ಮತ್ತೆ ಮತ್ತೆ ಹೊಸದಾಗಿ ಕಾಣಿಸಿಕೊಳ್ಳುವುದೇಕೆ?

ಓದುಗರನ್ನು ಅತಿ ಹೆಚ್ಚು ಕಾಡುವ ದೋಷ ಇದೇ ಇರಬಹುದು, ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ. ಆರ್‌ಎಸ್‌ಎಸ್ 2.0ರಲ್ಲಿ ಪ್ರತಿ ಬರಹಕ್ಕೂ ಜಿಯುಐಡಿ ಎಂಬ, ಅದಕ್ಕೊಂದಕ್ಕೇ ಸೇರಿದ ಗುರುತನ್ನು ಕೊಡಬಹುದು, ಆದರೆ ಕೊಡಲೇಬೇಕೆಂಬ ಕಡ್ಡಾಯವಿಲ್ಲ. ದಿನಾಂಕವೂ ಹಾಗೆಯೇ ಐಚ್ಛಿಕ. ಶೀರ್ಷಿಕೆ ಮತ್ತು ವಿವರಣೆಗಳಲ್ಲಿ ಒಂದಿದ್ದರೆ ಸಾಕು. ಆಟಮ್ ಇಲ್ಲಿ ಕಟ್ಟುನಿಟ್ಟು: ಗುರುತು, ಶೀರ್ಷಿಕೆ, ಪರಿಷ್ಕರಣೆಯ ದಿನಾಂಕ ಮೂರೂ ಇರಲೇಬೇಕು, ಮತ್ತು ತಾಣ ಬೇರೆ ವಿಳಾಸಕ್ಕೆ ಹೋದರೂ ಬರಹದ ಗುರುತು ಬದಲಾಗಬಾರದು.

ಈಗ ತಾಣವೊಂದು ತನ್ನ ವಿಳಾಸವನ್ನು ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಬದಲಾಯಿಸಿತು ಎನ್ನಿ. ಅದು ಬರಹದ ಕೊಂಡಿಯನ್ನೇ ಗುರುತಾಗಿ ಬಳಸುತ್ತಿದ್ದರೆ, ಒಂದೇ ಒಂದು ಅಕ್ಷರ ಹೆಚ್ಚಾದ ಕಾರಣಕ್ಕೆ ಫೀಡ್‌ನಲ್ಲಿರುವ ನಲವತ್ತು ಹಳೆಯ ಬರಹಗಳೂ ಹೊಸ ಗುರುತು ಪಡೆಯುತ್ತವೆ. ಒಬ್ಬರೇ ಬಳಸುವ ರೀಡರ್‌ನಲ್ಲಿ ಇದು ನಲವತ್ತು ಸಾಲುಗಳ ಕಿರಿಕಿರಿ. ಬಳಗದ ರೀಡರ್‌ನಲ್ಲಿ ಹಳೆಯ ಪ್ರತಿಗಳ ಮೇಲಿದ್ದ ಟಿಪ್ಪಣಿ, ಹಂಚಿಕೆ, ಗುರುತುಪಟ್ಟಿಗಳೆಲ್ಲ ಹಿಂದೆಯೇ ಉಳಿದು, ಚರ್ಚೆಯಾಗಿ ಮುಗಿದ ವಿಷಯವನ್ನು ಸದಸ್ಯರು ಮತ್ತೆ ಹೊಸದೆಂದು ಹಂಚಲು ತೊಡಗುತ್ತಾರೆ.

ಪರಿಹಾರವನ್ನು ಹಂತಹಂತವಾಗಿ ಯೋಜಿಸಬೇಕು. ಫೀಡ್ ಮತ್ತು ಗುರುತು ಎರಡನ್ನೂ ಸೇರಿಸಿ ಬರಹವನ್ನು ಗುರುತಿಸುವ ಒಂದು ಕೀಲಿ ಮಾಡಿಕೊಳ್ಳಬೇಕು, ಏಕೆಂದರೆ ಎರಡು ಬೇರೆ ತಾಣಗಳು ‘1’, ‘2’ ಎಂಬಂಥ ಒಂದೇ ಗುರುತನ್ನು ಬಳಸುವುದುಂಟು. ಗುರುತಿಲ್ಲದಿದ್ದರೆ ಕೊಂಡಿಯನ್ನು, ಅದೂ ಇಲ್ಲದಿದ್ದರೆ ಶೀರ್ಷಿಕೆ ಮತ್ತು ವಿವರಣೆಯಿಂದ ಲೆಕ್ಕಹಾಕಿದ ಹ್ಯಾಶ್ ಎಂಬ ಚಿಕ್ಕ ಸಂಕೇತವನ್ನು ಬಳಸಬೇಕು. ಕೊಂಡಿಗಳನ್ನು ಹೋಲಿಸುವ ಮೊದಲು ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಭೇದವನ್ನೂ ಪ್ರಚಾರದ ಜಾಡು ಹಿಡಿಯಲು ಬಾಲಕ್ಕೆ ಅಂಟಿಸಿದ ತುಣುಕುಗಳನ್ನೂ ತೆಗೆದುಹಾಕಬೇಕು. ಒಂದು ಫೀಡ್‌ನ ಎಲ್ಲ ಬರಹಗಳೂ ಒಮ್ಮೆಲೇ ಹೊಸದಾಗಿ ಕಂಡರೆ, ಅದನ್ನು ಅನುಮಾನದಿಂದ ನೋಡಿ, ಹಳೆಯ ಶೀರ್ಷಿಕೆಗಳೊಡನೆ ಹೋಲಿಸಿ, ಹೊಂದಿಕೆಯಾದವುಗಳಿಗೆ ಹಳೆಯ ಸ್ಥಿತಿಯನ್ನೇ ವರ್ಗಾಯಿಸುವುದು ಕೊನೆಯ ಹಂತ. ದಿನಾಂಕದ ವಿಷಯದಲ್ಲೂ ಎಚ್ಚರ ಬೇಕು: ಮುಂದಿನ ವರ್ಷದ ದಿನಾಂಕ ಹೊತ್ತು ಬಂದ ಬರಹವೊಂದು ತಿಂಗಳುಗಟ್ಟಲೆ ಪಟ್ಟಿಯ ತಲೆಯ ಮೇಲೆ ಕೂರದಿರಬೇಕಾದರೆ, ಫೀಡ್ ಹೇಳಿದ ಸಮಯ ಮತ್ತು ನಾವು ತಂದ ಸಮಯ ಎರಡರಲ್ಲಿ ಯಾವುದು ಮುಂಚಿನದೋ ಅದನ್ನು ಬಳಸಿ ಜೋಡಿಸುವುದು ಸುರಕ್ಷಿತ.

ಫೀಡ್‌ಗಳನ್ನು ಎಷ್ಟು ಸಲ ತರಿಸಿಕೊಳ್ಳಬೇಕು?

ಮುನ್ನೂರು ಫೀಡ್‌ಗಳನ್ನು ಹದಿನೈದು ನಿಮಿಷಕ್ಕೊಮ್ಮೆ ಕೇಳಿದರೆ ದಿನಕ್ಕೆ 28,800 ವಿನಂತಿಗಳು. ಗಂಟೆಗೊಮ್ಮೆ ಕೇಳಿದರೆ 7,200. ಬಳಗಕ್ಕಾಗಿ ಒಮ್ಮೆ ತಂದದ್ದನ್ನು ಎಲ್ಲ ಸದಸ್ಯರಿಗೂ ಕೊಡುವುದೇ ಹಂಚಿಕೊಂಡು ಓದುವುದರ ಮೊದಲ ಲಾಭ, ಮತ್ತು ಆ ಲಾಭ ಬರೆಯುವವರ ಸರ್ವರ್‌ಗೂ ಸಲ್ಲುತ್ತದೆ. ಎಲ್ಲ ಫೀಡ್‌ಗಳಿಗೂ ಒಂದೇ ಅವಧಿ ಇಡುವ ಬದಲು, ವಾರಕ್ಕೊಮ್ಮೆ ಬರೆಯುವ ತಾಣವನ್ನು ಕೆಲವು ಗಂಟೆಗೊಮ್ಮೆಯೂ ದಿನವಿಡೀ ಪ್ರಕಟಿಸುವ ತಾಣವನ್ನು ಇನ್ನಷ್ಟು ಬೇಗಬೇಗವೂ ಕೇಳುವಂತೆ ಹೊಂದಿಸಬೇಕು.

ಕೇಳುವ ರೀತಿಯೂ ಮುಖ್ಯ. ಹಿಂದಿನ ಸಲ ಸರ್ವರ್ ಕೊಟ್ಟ ಇಟ್ಯಾಗ್ ಎಂಬ ಆವೃತ್ತಿಯ ಗುರುತನ್ನೂ ಕೊನೆಯ ಬದಲಾವಣೆಯ ದಿನಾಂಕವನ್ನೂ ಒಂದಕ್ಷರವೂ ತಿದ್ದದೆ ಹಿಂದಿರುಗಿಸಿದರೆ, ಹೊಸದೇನೂ ಇಲ್ಲದಾಗ ಅದು 304 ಎಂಬ ಚಿಕ್ಕ ಉತ್ತರವನ್ನಷ್ಟೇ ಕಳುಹಿಸಬಲ್ಲದು. ಇಡೀ ಕಡತ ಮತ್ತೆ ಸಾಗಬೇಕಿಲ್ಲ. 429 ಎಂದರೆ ವಿನಂತಿಗಳು ಅತಿಯಾದವು, ಹೇಳಿದಷ್ಟು ಹೊತ್ತು ಕಾಯಬೇಕು. 301 ಎಂದರೆ ವಿಳಾಸ ಶಾಶ್ವತವಾಗಿ ಬದಲಾಗಿದೆ. 410 ಎಂದರೆ ಫೀಡ್ ಇನ್ನಿಲ್ಲ, ಕೇಳುವುದನ್ನು ನಿಲ್ಲಿಸಬೇಕು. 404, ಅಂದರೆ ‘ಸಿಗಲಿಲ್ಲ’ ಎಂಬ ಉತ್ತರ, ಮಾತ್ರ ತಾತ್ಕಾಲಿಕವೂ ಆಗಿರಬಹುದಾದ್ದರಿಂದ ಒಂದೆರಡು ಸೋಲುಗಳಿಗೇ ಫೀಡನ್ನು ಅಳಿಸಬಾರದು. 2018ರ ಜನವರಿಯಲ್ಲಿ ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಶಿಫಾರಸಾದ ವೆಬ್‌ಸಬ್ ಎಂಬ ವ್ಯವಸ್ಥೆಯನ್ನು ಒದಗಿಸುವ ತಾಣಗಳು ಹೊಸ ಬರಹ ಬಂದಾಗ ತಾವೇ ಸುದ್ದಿ ಮುಟ್ಟಿಸುತ್ತವೆ. ಆದರೆ ಆ ನೋಂದಣಿಗೆ ಅವಧಿ ಇರುವುದರಿಂದ ಅದನ್ನು ನವೀಕರಿಸುತ್ತಿರಬೇಕು, ಆಗೊಮ್ಮೆ ಈಗೊಮ್ಮೆ ನಾವಾಗಿ ಕೇಳುವುದನ್ನೂ ಬಿಡಬಾರದು.

ಇಷ್ಟೆಲ್ಲ ಮಾಡಿಯೂ ಕೆಲವು ಫೀಡ್‌ಗಳು ನಿಂತುಹೋಗುತ್ತವೆ. ಅದು ದಾಖಲೆ ಕಡತದಲ್ಲಿ ಹೂತುಹೋಗದೆ, ‘ಈ ಫೀಡ್ ಒಂಬತ್ತು ದಿನಗಳಿಂದ ಬಂದಿಲ್ಲ, ಕೊನೆಯ ಉತ್ತರ 403 (ಪ್ರವೇಶ ನಿರಾಕರಣೆ)’ ಎಂದು ಬಳಗದ ಎಲ್ಲರಿಗೂ ಫೀಡ್‌ನ ಹೆಸರಿನ ಪಕ್ಕದಲ್ಲೇ ಕಾಣಿಸಬೇಕು. ಮೌನವಾಗಿ ನಿಂತ ಫೀಡನ್ನು ನೋಡಿ ಓದುಗರು ಆ ಕಡೆ ಸುದ್ದಿಯೇ ಇಲ್ಲವೆಂದು ಭಾವಿಸುತ್ತಾರೆ, ಮತ್ತು ಬಳಗದಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರು ಗಮನಿಸಿರುತ್ತಾರೆ ಎಂದುಕೊಂಡು ಸುಮ್ಮನಿರುತ್ತಾರೆ.

ಒಂದೇ ಘಟನೆಯನ್ನು ಹತ್ತು ತಾಣಗಳು ವರದಿ ಮಾಡಿದರೆ ಒಂದನ್ನಷ್ಟೇ ಉಳಿಸಬಹುದೇ?

ಅಳಿಸಬೇಡಿ, ಒಟ್ಟುಗೂಡಿಸಿ. ಒಂದೇ ಸಂಸ್ಥೆಯ ವರದಿಯನ್ನು ಯಥಾವತ್ತಾಗಿ ಮರುಪ್ರಕಟಿಸಿದ ಪ್ರತಿಗಳನ್ನು ಒಂದರಡಿ ಮಡಚಿಡುವುದರಲ್ಲಿ ತಪ್ಪಿಲ್ಲ. ಬೇರೆ ಬೇರೆ ವರದಿಗಾರರು ಬರೆದದ್ದನ್ನು ಯಂತ್ರವೇ ಆಯ್ದು ಬಿಸಾಡಬಾರದು. ಯಾವ ವರದಿಯನ್ನು ಓದಬೇಕೆಂಬ ಆಯ್ಕೆ ಓದುಗರದು.

ಹಂಚಿಕೆ ಮತ್ತು ಟಿಪ್ಪಣಿಗಳನ್ನು ಹೇಗೆ ಸುಧಾರಿಸಬೇಕು?

ಇಲ್ಲಿ ಇತಿಹಾಸದ ಪಾಠವೊಂದು ನೆರವಾಗುತ್ತದೆ. 2005ರ ಅಕ್ಟೋಬರ್‌ನಲ್ಲಿ ಆರಂಭವಾದ ಗೂಗಲ್ ರೀಡರ್, ಓದಿದ್ದನ್ನು ಪರಿಚಿತರೊಡನೆ ಹಂಚಿಕೊಳ್ಳುವ, ಅದರ ಮೇಲೆ ಮಾತಾಡುವ ಸೌಲಭ್ಯದಿಂದ ನಿಷ್ಠಾವಂತ ಬಳಗಗಳನ್ನು ಕಟ್ಟಿತ್ತು. 2011ರ ಅಕ್ಟೋಬರ್ ಕೊನೆಯಲ್ಲಿ ಆ ಸೌಲಭ್ಯಗಳನ್ನು ತೆಗೆದು, ಆಗ ಗೂಗಲ್‌ನ ಸಾಮಾಜಿಕ ಜಾಲತಾಣವಾಗಿದ್ದ ಗೂಗಲ್ ಪ್ಲಸ್‌ನ ಗುಂಡಿಯೊಂದನ್ನು ಇಟ್ಟಾಗ, ಫೀಡ್ ಓದುವುದು ಮೊದಲಿನಂತೆಯೇ ನಡೆದರೂ ಆ ಬಳಗಗಳು ಚದುರಿದವು. 2013ರ ಜುಲೈ 1ರಂದು ಇಡೀ ಸೇವೆಯೇ ಮುಚ್ಚಿತು. ಹಂಚಿಕೊಳ್ಳುವ ಜಾಗ ಓದುವ ಜಾಗದಲ್ಲೇ ಇರಬೇಕು ಎಂಬುದು ಇದರಿಂದ ನಾನು ಕಲಿತದ್ದು. ‘ಇನ್ನೊಂದು ಚಾಟ್ ಆ್ಯಪ್‌ಗೆ ಕಳುಹಿಸು’ ಎಂಬ ಗುಂಡಿ ಇರಲಿ, ಆದರೆ ಮಾತುಕತೆ ನಡೆಯುವ ಏಕೈಕ ತಾಣ ಅದೇ ಆಗದಿರಲಿ.

ಟಿಪ್ಪಣಿಗಳನ್ನು ಎಲ್ಲರೂ ತಿದ್ದಬಹುದಾದ ಒಂದೇ ಪೆಟ್ಟಿಗೆಯಾಗಿ ಇಡುವುದಕ್ಕಿಂತ, ಪ್ರತಿಯೊಬ್ಬರ ಮಾತೂ ಅವರ ಹೆಸರಿನಲ್ಲಿ ಬೇರೆ ಸಾಲಾಗಿ ನಿಲ್ಲುವಂತೆ ಮಾಡುವುದು ಮೇಲು. ಒಂದೇ ಪೆಟ್ಟಿಗೆಯಾದರೆ ಇಬ್ಬರು ಏಕಕಾಲದಲ್ಲಿ ಬರೆದಾಗ ನಂತರ ಉಳಿಸಿದವರ ಪ್ರತಿ ಮೊದಲಿನವರ ಮಾತನ್ನು ಸದ್ದಿಲ್ಲದೆ ನುಂಗಿಹಾಕುತ್ತದೆ. ಗುರುತುಪಟ್ಟಿಗಳಿಗೂ ಇದೇ ನ್ಯಾಯ: ಇಡೀ ಪಟ್ಟಿಯನ್ನು ಬದಲಿಸುವ ವಿನಂತಿಯ ಬದಲು ‘ಇದೊಂದನ್ನು ಸೇರಿಸು’, ‘ಇದೊಂದನ್ನು ತೆಗೆ’ ಎಂಬ ವಿನಂತಿಗಳನ್ನಷ್ಟೇ ಇಡಬೇಕು. ಮೊಬೈಲ್‌ನಲ್ಲಿ ಜಾಲ ಸಂಪರ್ಕವಿಲ್ಲದೆ ಮಾಡಿದ ಬದಲಾವಣೆಗಳು ಗಂಟೆಗಳ ನಂತರ ಸರ್ವರ್ ತಲುಪಿದಾಗಲೂ ಈ ಕ್ರಮ ಕೈಹಿಡಿಯುತ್ತದೆ.

ಸದಸ್ಯರಿಗೆ ಯಾವ ಯಾವ ಅಧಿಕಾರಗಳನ್ನು ಕೊಡಬೇಕು?

ಓದುವುದು, ಟಿಪ್ಪಣಿ ಬರೆಯುವುದು, ಫೀಡ್ ಸೇರಿಸುವುದು ಎಲ್ಲರಿಗೂ ಇರಲಿ. ಫೀಡನ್ನು ತೆಗೆಯುವುದು ಮಾತ್ರ ಇನ್ನೊಬ್ಬರ ಓದನ್ನು ಕಡಿಯುವ ಕೆಲಸವಾದ್ದರಿಂದ, ನಿರ್ವಾಹಕರಿಗೆ ಸೀಮಿತವಾಗಿರಲಿ ಅಥವಾ ಕೆಲವು ದಿನಗಳವರೆಗೆ ಹಿಂದೆಗೆದುಕೊಳ್ಳುವಂತಿರಲಿ. ಮೂರಕ್ಕಿಂತ ಹೆಚ್ಚು ಪಾತ್ರಗಳನ್ನು ಕಲ್ಪಿಸಿದರೆ ಯಾರಿಗೂ ನೆನಪಿರುವುದಿಲ್ಲ.

ಸುರಕ್ಷತೆಯ ವಿಷಯದಲ್ಲಿ ಯಾವುದನ್ನು ಮುಂದೂಡಲೇಬಾರದು?

ಫೀಡ್‌ನಿಂದ ಬರುವ ಪಠ್ಯ ಅಪರಿಚಿತರು ಬರೆದ ಎಚ್‌ಟಿಎಂಎಲ್. ಅನುಮತಿಸಿದ ಟ್ಯಾಗ್‌ಗಳನ್ನು ಮಾತ್ರ ಉಳಿಸಿ, ಸ್ಕ್ರಿಪ್ಟ್ ಮುಂತಾದ ಉಳಿದೆಲ್ಲವನ್ನೂ ಕಿತ್ತುಹಾಕದೆ ಅದನ್ನು ಪರದೆಗೆ ತರಬಾರದು. ಇಲ್ಲವಾದರೆ ಒಂದು ಕೆಟ್ಟ ಫೀಡ್ ಇಡೀ ಬಳಗದ ಲಾಗಿನ್‌ಗಳಿಗೆ ಕನ್ನ ಹಾಕಬಲ್ಲದು. ಆರ್‌ಎಸ್‌ಎಸ್, ಆಟಮ್ ಫೀಡ್‌ಗಳ ಬರಹರೂಪವಾದ ಎಕ್ಸ್‌ಎಂಎಲ್ ಅನ್ನು ಓದುವ ಭಾಗದಲ್ಲಿ ಹೊರಗಿನ ಕಡತಗಳನ್ನು ಎಳೆದುತರುವ ಸೌಲಭ್ಯವನ್ನು ಮುಚ್ಚಿರಬೇಕು. ಸದಸ್ಯರು ಕೊಟ್ಟ ವಿಳಾಸಕ್ಕೆ ನಮ್ಮ ಸರ್ವರ್ ತಾನೇ ಹೋಗಿ ತರುವುದರಿಂದ, 127.0.0.1ರಂಥ ಒಳಗಿನ ವಿಳಾಸಗಳನ್ನು ತಡೆಯಬೇಕು, ಮತ್ತು ಆ ತಪಾಸಣೆಯನ್ನು ಮೊದಲ ವಿಳಾಸಕ್ಕೆ ಮಾತ್ರವಲ್ಲದೆ ಪ್ರತಿ ಮರುನಿರ್ದೇಶನದ ನಂತರವೂ ಮಾಡಬೇಕು.

ಬಳಗದ ರೀಡರ್‌ಗೆ ವಿಶೇಷವಾದ ಅಪಾಯವೊಂದಿದೆ. ಹಣ ಕೊಟ್ಟು ಪಡೆದ ಕೆಲವು ಫೀಡ್‌ಗಳಲ್ಲಿ ಚಂದಾದಾರರ ಗುಪ್ತಕೀಲಿ ವಿಳಾಸದೊಳಗೇ ಇರುತ್ತದೆ. ಸದಸ್ಯರೊಬ್ಬರು ಅದನ್ನು ಸಾಮಾನ್ಯ ಫೀಡ್‌ನಂತೆ ಸೇರಿಸಿದರೆ, ಬಳಗದ ಫೀಡ್ ಪಟ್ಟಿಯನ್ನು, ರೀಡರ್‌ಗಳ ನಡುವೆ ಅದನ್ನು ಸಾಗಿಸಲು ಬಳಸುವ ಒಪಿಎಂಎಲ್ ಕಡತವಾಗಿ ಇಳಿಸಿಕೊಂಡ ಪ್ರತಿಯೊಬ್ಬರ ಕೈಗೂ ಆ ಕೀಲಿ ಸೇರುತ್ತದೆ. ಆದ್ದರಿಂದ ‘ಖಾಸಗಿ ಫೀಡ್’ ಎಂಬ ವರ್ಗವನ್ನು ಆರಂಭದಲ್ಲೇ ಯೋಜಿಸಿ, ಅದರ ವಿಳಾಸವನ್ನು ಸೇರಿಸಿದವರಿಗೆ ಮಾತ್ರ ತೋರಿಸಬೇಕು, ಬರಹಗಳನ್ನೂ ಅವರಿಗೆ ಮಾತ್ರ ಕೊಡಬೇಕು.

ಸುದ್ದಿಗಳನ್ನು ಮಹತ್ವದ ಕ್ರಮದಲ್ಲಿ ಯಂತ್ರವೇ ಜೋಡಿಸಿದರೆ ಒಳ್ಳೆಯದಲ್ಲವೇ?

ಐಚ್ಛಿಕವಾಗಿ ಇರಬಹುದು, ಸಹಜ ಕ್ರಮವಾಗಿ ಬೇಡ. ತಾನು ಆರಿಸಿದ ಮೂಲಗಳಿಂದ ಬಂದದ್ದೆಲ್ಲ ಬಂದ ಕ್ರಮದಲ್ಲೇ ಕಾಣುತ್ತದೆ ಎಂಬ ಭರವಸೆಗಾಗಿಯೇ ಅನೇಕರು ಫೀಡ್ ರೀಡರ್ ಬಳಸುತ್ತಾರೆ, ಆ ಭರವಸೆಯನ್ನು ಕದಲಿಸಿದರೆ ಉಳಿಯುವುದು ಮತ್ತೊಂದು ಸಾಮಾಜಿಕ ಜಾಲತಾಣ. ಬಳಗದಲ್ಲಿ ‘ಮೂವರು ಹಂಚಿದ್ದು’ ಎಂಬ ಸರಳ ಸೋಸುವಿಕೆ, ಏಕೆ ಮೇಲೆ ಬಂತೆಂದು ವಿವರಿಸಲಾಗದ ಅಂಕಕ್ಕಿಂತ ಉಪಯುಕ್ತ. ಸ್ವಯಂಚಾಲಿತ ಸಾರಾಂಶವನ್ನು ಸೇರಿಸುವುದಾದರೆ ಅದು ಯಂತ್ರದ್ದೆಂದು ಸ್ಪಷ್ಟವಾಗಿ ಬರೆದು, ಮೂಲದ ಕೊಂಡಿಯನ್ನು ಅದಕ್ಕಿಂತ ಎದ್ದುಕಾಣುವಂತೆ ಇಡಬೇಕು.

ಕನ್ನಡದ ಬರಹಗಳಲ್ಲಿ ಹುಡುಕಾಟ ಸರಿಯಾಗಿ ನಡೆಯಲು ಏನು ಮಾಡಬೇಕು?

ಯೂನಿಕೋಡ್‌ನಲ್ಲಿ ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹುಡುಕಾಟದ ಸೂಚಿಗೆ ಸೇರಿಸುವ ಪಠ್ಯವನ್ನೂ ಓದುಗರು ಹುಡುಕುವ ಪದವನ್ನೂ ಎನ್‌ಎಫ್‌ಸಿ ಎಂಬ ಪ್ರಮಾಣಿತ ರೂಪಕ್ಕೆ ತಂದು, ಕಣ್ಣಿಗೆ ಕಾಣದ ಜೋಡಣೆಯ ಸಂಕೇತಗಳನ್ನು ಹೋಲಿಕೆಯಿಂದ ಹೊರಗಿಡಬೇಕು. ‘ಚುನಾವಣೆ’ ಎಂದು ಹುಡುಕಿದವರಿಗೆ ‘ಚುನಾವಣೆಯಲ್ಲಿ’, ‘ಚುನಾವಣೆಗೆ’ ಎಂಬವೂ ಸಿಗಬೇಕಾದ್ದರಿಂದ ಇಡೀ ಪದದ ಹೋಲಿಕೆ ಸಾಲದು. ಪದದ ಆರಂಭದ ಭಾಗ ಹೊಂದಿದರೆ ಸಾಕೆಂಬ ನಿಯಮವೇ ದೊಡ್ಡ ಸುಧಾರಣೆ ತರುತ್ತದೆ.

ಕೀಲಿಮಣೆಯ ಬಳಕೆ, ಓದಲು ಸುಲಭವಾದ ವಿನ್ಯಾಸ ಇವು ಎಷ್ಟು ಮುಖ್ಯ?

ಬಹಳ ಮುಖ್ಯ, ಮತ್ತು ಸುಲಭ. ಮುಂದಿನ ಸುದ್ದಿಗೆ, ಹಿಂದಿನ ಸುದ್ದಿಗೆ, ಹಂಚಲು, ಟಿಪ್ಪಣಿಗೆ ಒಂದೊಂದು ಕೀಲಿ ಇರಬೇಕು. ಪಠ್ಯ ಮತ್ತು ಹಿನ್ನೆಲೆಯ ವರ್ಣವ್ಯತ್ಯಾಸದ ಅನುಪಾತ, ಜಾಲತಾಣಗಳು ಎಲ್ಲರಿಗೂ ಬಳಸಲು ಸುಲಭವಾಗಿರಬೇಕೆಂಬ ಡಬ್ಲ್ಯೂಸಿಎಜಿ ಮಾರ್ಗಸೂಚಿ ಹೇಳುವಂತೆ, ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಕನಿಷ್ಠ 4.5:1 ಇರಬೇಕು. ಓದಿದ ಸುದ್ದಿಯನ್ನು ಮಸುಕಾದ ಬೂದುಬಣ್ಣದಲ್ಲಿ ತೋರಿಸುವ ಅಭ್ಯಾಸ ಈ ಮಿತಿಗಿಂತ ಕೆಳಗಿಳಿಯುವ ಸಂಭವ ಹೆಚ್ಚು.

ಸುಧಾರಣೆ ಫಲ ಕೊಟ್ಟಿತೆಂದು ತಿಳಿಯುವುದು ಹೇಗೆ?

ಎಷ್ಟು ಸುದ್ದಿಗಳನ್ನು ತೆರೆದರು ಎಂಬ ಎಣಿಕೆಯಿಂದ ಏನೂ ತಿಳಿಯದು. ಒಳ್ಳೆಯ ಶೀರ್ಷಿಕೆ ಓದಿ ತೆರೆಯದೆ ಮುಂದೆ ಹೋಗುವುದೂ ಒಳ್ಳೆಯ ಓದೇ. ಒಬ್ಬರು ಹಂಚಿದ್ದರಲ್ಲಿ ಎಷ್ಟನ್ನು ಇನ್ನೊಬ್ಬರು ನೋಡಿದರು, ನಿಂತುಹೋದ ಫೀಡ್ ಸರಿಹೋಗಲು ಎಷ್ಟು ದಿನ ಹಿಡಿಯಿತು, ಎರಡು ಸಲ ಬಂದ ಸುದ್ದಿಗಳೆಷ್ಟು ಎಂಬುವು ಅಳೆಯತಕ್ಕವು. ಈ ಅಂಕಿಗಳನ್ನು ಬಳಗಕ್ಕೆ ಒಟ್ಟಾಗಿ ಮಾತ್ರ ಲೆಕ್ಕಹಾಕಬೇಕು. ಯಾರು ಏನನ್ನು ಎಷ್ಟು ಹೊತ್ತು ಓದಿದರು ಎಂಬುದು ನಿರ್ವಾಹಕರಿಗೂ ಕಾಣಬಾರದು, ಏಕೆಂದರೆ ಗಮನಿಸಲ್ಪಡುತ್ತಿದ್ದೇವೆ ಎಂದು ತಿಳಿದ ಓದುಗರು ತಮಗೆ ಬೇಕಾದ್ದನ್ನು ಓದುವುದನ್ನು ಬಿಟ್ಟು, ಓದಿದಂತೆ ಕಾಣಬೇಕಾದ್ದನ್ನು ಓದತೊಡಗುತ್ತಾರೆ.

ಹಳೆಯ ದತ್ತಾಂಶವನ್ನು ಹೊಸ ಆವೃತ್ತಿಗೆ ಒಯ್ಯಲು ಒಪಿಎಂಎಲ್ ಕಡತ ಸಾಕೇ?

ಸಾಲದು. ಒಪಿಎಂಎಲ್ ಹೊತ್ತೊಯ್ಯುವುದು ಫೀಡ್‌ಗಳ ಪಟ್ಟಿ ಮತ್ತು ಅವುಗಳ ವರ್ಗೀಕರಣವನ್ನು ಮಾತ್ರ. ಓದಿದ ಗುರುತು, ಎತ್ತಿಟ್ಟ ಸುದ್ದಿ, ಹಂಚಿಕೆ, ಟಿಪ್ಪಣಿ ಯಾವುದೂ ಅದರಲ್ಲಿ ಬರುವುದಿಲ್ಲ, ಮತ್ತು ಬಳಗ ವರ್ಷಗಳ ಕಾಲ ಕೂಡಿಟ್ಟದ್ದು ಇವುಗಳನ್ನೇ. ಬಳಗದ ಪದರವನ್ನೆಲ್ಲ ಜೆಸಾನ್‌ನಂಥ ಸರಳ ರೂಪದಲ್ಲಿ ಹೊರತೆಗೆಯುವ ಸೌಲಭ್ಯವನ್ನು ಮೊದಲು ಕಟ್ಟಿ, ಡೇಟಾಬೇಸ್‌ನ ರಚನೆಯನ್ನು ಮುಟ್ಟುವ ಕೆಲಸಗಳನ್ನು ಅದರ ನಂತರ ಕೈಗೆತ್ತಿಕೊಳ್ಳಬೇಕು. ಟಿಪ್ಪಣಿ ಇರುವ ಸುದ್ದಿಯ ಶೀರ್ಷಿಕೆ ಮತ್ತು ಪಠ್ಯವನ್ನೂ ಆ ಕಡತದಲ್ಲಿ ಸೇರಿಸಬೇಕು, ಏಕೆಂದರೆ ಮೂಲ ತಾಣ ಮುಚ್ಚಿಹೋದಾಗ ಕೊಂಡಿ ಎಲ್ಲಿಗೂ ತಲುಪಿಸುವುದಿಲ್ಲ. ಹೊರತೆಗೆದ ಕಡತವನ್ನು ಬೇರೊಂದು ಖಾಲಿ ಸರ್ವರ್‌ನಲ್ಲಿ ಒಳತಂದು, ಸದಸ್ಯರಿಬ್ಬರು ತಮ್ಮ ಹಳೆಯ ಟಿಪ್ಪಣಿಗಳನ್ನು ಅಲ್ಲಿ ಹುಡುಕಿ ನೋಡಿದ ಮೇಲೆಯೇ ಹೊಸ ಆವೃತ್ತಿಗೆ ದಿನಾಂಕ ಗೊತ್ತುಮಾಡಬೇಕು.